ರೈಲ್ವೆ ಕೆಲಸ ಬೇಕೆಂದರೆ: ಮೊದಲು ಕಣ್ಣು, ಆಮೇಲೆ ಕಾಗದ, ಆಮೇಲೆ ಪುಸ್ತಕ

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಕರಾವಳಿಯ ಓದುಗರು ಕೇಳುವ ಪ್ರಶ್ನೆ ಒಂದೇ: "ಕಾರವಾರ ಸ್ಟೇಷನ್ನಿನಲ್ಲೋ ಕುಮಟಾದಲ್ಲೋ ರೈಲ್ವೆ ಕೆಲಸ ಸಿಗಬೇಕು, ಯಾವ ಪರೀಕ್ಷೆ ಬರೆಯಬೇಕು?" ಶಿರಸಿ, ಸಿದ್ದಾಪುರದವರ ಪ್ರಶ್ನೆ ಸ್ವಲ್ಪ ಬೇರೆ: "ನಮ್ಮೂರಿಗೆ ರೈಲೇ ಇಲ್ಲ, ನಮಗೂ ಅವಕಾಶ ಉಂಟೇ?" ಉಂಟು. ಊರಿಗೆ ಹಳಿ ಬಂದಿದೆಯೋ ಇಲ್ಲವೋ ಎನ್ನುವುದಕ್ಕೂ ಪರೀಕ್ಷೆಗೂ ಸಂಬಂಧವಿಲ್ಲ.

ಹೆಚ್ಚಿನವರು ಮೊದಲು ಪುಸ್ತಕ ಕೊಳ್ಳುತ್ತಾರೆ, ಕೋಚಿಂಗಿಗೆ ದುಡ್ಡು ಕಟ್ಟುತ್ತಾರೆ, ಅರ್ಜಿ ಹಾಕುವ ಕೊನೆಯ ದಿನ ಜಾತಿ ಪ್ರಮಾಣಪತ್ರ ಹುಡುಕುತ್ತಾರೆ, ಎಲ್ಲ ಗೆದ್ದ ಮೇಲೆ ಕಣ್ಣಿನ ಪರೀಕ್ಷೆಯಲ್ಲಿ ಬೀಳುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿ. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇನೆ.

1. ಹಳಿ ಯಾರದ್ದು ಎಂದು ತಿಳಿದುಕೊಳ್ಳಿ

ಅಸ್ನೋಟಿಯಿಂದ ಹಿಡಿದು ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳದವರೆಗಿನ ನಿಲ್ದಾಣಗಳೆಲ್ಲ ಕೊಂಕಣ ರೈಲ್ವೆಯವು. ಇದು 1990ರಲ್ಲಿ ಹುಟ್ಟಿದ ಪ್ರತ್ಯೇಕ ನಿಗಮ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ 741 ಕಿಲೋಮೀಟರ್ ಹಳಿ ಅದರದ್ದು, ಮುಖ್ಯ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿ. ನಮ್ಮ ಕಡೆಯ ಪ್ರಾದೇಶಿಕ ಕಚೇರಿ ಕಾರವಾರದಲ್ಲೇ ಇದೆ. ಇದರ ನೇಮಕಾತಿಯನ್ನು ನಿಗಮವೇ ನಡೆಸುತ್ತದೆ.

ಹುಬ್ಬಳ್ಳಿ, ಅಳ್ನಾವರ, ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್, ಅತ್ತ ತಾಳಗುಪ್ಪ, ಇವೆಲ್ಲ ನೈಋತ್ಯ ರೈಲ್ವೆ. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂದು ಮೂರು ವಿಭಾಗ. ಇಲ್ಲಿಗೆ ಜನ ತೆಗೆದುಕೊಳ್ಳುವುದು ಬೆಂಗಳೂರಿನ ರೈಲ್ವೆ ನೇಮಕಾತಿ ಮಂಡಳಿ, ಅಂದರೆ ನೀವೆಲ್ಲ ಕೇಳಿರುವ ಆರ್‌ಆರ್‌ಬಿ. ತೋಕೂರು ದಾಟಿದರೆ ಮಂಗಳೂರು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಬೆಂಗಳೂರು ಆರ್‌ಆರ್‌ಬಿಗೆ ಅರ್ಜಿ ಹಾಕಿ ಆಯ್ಕೆಯಾದರೆ ನಿಮ್ಮನ್ನು ಹಾಕುವುದು ನೈಋತ್ಯ ರೈಲ್ವೆಗೆ. ಲೋಂಡಾ ಸಿಗಬಹುದು, ಅರಸೀಕೆರೆ ಸಿಗಬಹುದು, ಅಂಕೋಲಾ ಸಿಗುವುದಿಲ್ಲ. ಕೊಂಕಣ ರೈಲ್ವೆ ಭಾರತೀಯ ರೈಲ್ವೆಯಲ್ಲಿ ವಿಲೀನವಾಗುತ್ತದೆ ಎಂಬ ಮಾತು ನಡೆದೇ ಇದೆ, ಆದರೆ ಅದನ್ನು ನಂಬಿ ಒಂದು ವರ್ಷವನ್ನೂ ಸುಮ್ಮನೆ ಕಳೆಯಬೇಡಿ.

ಮತ್ತೊಂದು ಮುಖ್ಯ ಮಾತು. ಕೊಂಕಣ ರೈಲ್ವೆ ಕಾಯಂ ಹುದ್ದೆಗಳನ್ನು ಕರೆಯುವುದು ಅಪರೂಪ, ಕರೆದರೂ ಸಂಖ್ಯೆ ಸಣ್ಣದು. 2024ರಲ್ಲಿ ಕರೆದದ್ದು 190 ಹುದ್ದೆ. ಅದರಲ್ಲಿ 60 ಪಾಯಿಂಟ್ಸ್‌ಮನ್ (ನಿಲ್ದಾಣದಲ್ಲಿ ರೈಲಿಗೆ ಹಳಿ ಬದಲಿಸಿಕೊಡುವವರು), 35 ಟ್ರ್ಯಾಕ್ ಮೇಂಟೇನರ್ (ಹಳಿ ನೋಡಿಕೊಳ್ಳುವವರು). ಅದೇ ಸುಮಾರಿಗೆ ದೇಶದ ಎಲ್ಲ ಆರ್‌ಆರ್‌ಬಿ ಸೇರಿ ಲೆವೆಲ್-1ಕ್ಕೆ, ಅಂದರೆ ಹಳೆಯ ಗ್ರೂಪ್ ಡಿಗೆ, ಕರೆದದ್ದು 32,438. ಆದ್ದರಿಂದ ಎರಡೂ ಬಾಗಿಲು ತಟ್ಟಿ. ಮನೆ ಬಾಗಿಲಿನ ಕೆಲಸವೇ ಬೇಕೆಂದು ಕೊಂಕಣ ರೈಲ್ವೆಗಷ್ಟೇ ಕಾದು ಕುಳಿತರೆ ವಯಸ್ಸು ಮೀರುತ್ತದೆ.

2. ಕಣ್ಣು ತೋರಿಸಿಕೊಳ್ಳಿ, ಇದೇ ತಿಂಗಳು

ರೈಲ್ವೆಯಲ್ಲಿ ಪ್ರತಿ ಹುದ್ದೆಗೂ ಒಂದು ವೈದ್ಯಕೀಯ ದರ್ಜೆ ಇರುತ್ತದೆ. ಎ-1, ಎ-2, ಎ-3, ಬಿ-1, ಬಿ-2, ಸಿ-1, ಸಿ-2 ಎಂದು ಅಧಿಸೂಚನೆಯ ಪಟ್ಟಿಯಲ್ಲಿ ಹುದ್ದೆಯ ಪಕ್ಕದಲ್ಲೇ ಬರೆದಿರುತ್ತಾರೆ. ಎ-1 ಅತಿ ಕಟ್ಟುನಿಟ್ಟಿನದು, ಸಿ-2 ಸಡಿಲು.

ಅಸಿಸ್ಟೆಂಟ್ ಲೋಕೋ ಪೈಲಟ್, ಅಂದರೆ ಸಹಾಯಕ ಚಾಲಕ, ಎ-1. ಕನ್ನಡಕವಿಲ್ಲದೆ ಎರಡೂ ಕಣ್ಣಿಗೆ 6/6 ದೃಷ್ಟಿ ಬೇಕು, ಬಣ್ಣ ಗುರುತಿಸುವುದರಲ್ಲಿ ಕೊರತೆ ಇರಬಾರದು. ಕನ್ನಡಕ ಬಿಡಿಸಲು ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನೂ ತೆಗೆದುಕೊಳ್ಳುವುದಿಲ್ಲ. "ಆಪರೇಷನ್ ಮಾಡಿಸಿ ಅರ್ಜಿ ಹಾಕ್ತೇನೆ" ಎನ್ನುವವರು ದಯವಿಟ್ಟು ನಿಲ್ಲಿ, ಆ ಹಾದಿ ಮುಚ್ಚಿದೆ. ಸ್ಟೇಷನ್ ಮಾಸ್ಟರ್, ಗೂಡ್ಸ್ ಗಾರ್ಡು (ಈಗ ಗೂಡ್ಸ್ ಟ್ರೇನ್ ಮ್ಯಾನೇಜರ್ ಎನ್ನುತ್ತಾರೆ), ಪಾಯಿಂಟ್ಸ್‌ಮನ್ ಎ-2; ಇಲ್ಲಿಯೂ ಕನ್ನಡಕ ನಡೆಯುವುದಿಲ್ಲ, 6/9 ಸಾಕು. ಹಳಿ ನೋಡಿಕೊಳ್ಳುವ ಟ್ರ್ಯಾಕ್ ಮೇಂಟೇನರ್, ನಮ್ಮ ಜನ ಗ್ಯಾಂಗ್‌ಮನ್ ಎಂದೇ ಕರೆಯುವ ಹುದ್ದೆ, ಬಿ-1. ಮಿತಿಯೊಳಗಿನ ಪವರ್ ಇದ್ದರೆ ಕನ್ನಡಕ ಹಾಕಿಕೊಂಡೇ ಪಾಸಾಗಬಹುದು. ಕಚೇರಿ ಗುಮಾಸ್ತರ ಹುದ್ದೆ ಸಿ-2.

ಬಣ್ಣದ ಕುರುಡು ಇರುವ ಎಷ್ಟೋ ಜನರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕವೊಂದಿದೆ, ಅದನ್ನು ತೋರಿಸಿ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಕಾರವಾರದ ಕ್ರಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ ಹತ್ತಿರದ ಕಣ್ಣಿನ ಡಾಕ್ಟರರಲ್ಲಿಗೋ ಹೋಗಿ ದೂರದೃಷ್ಟಿ, ಸಮೀಪದೃಷ್ಟಿ, ಬಣ್ಣ ಮೂರನ್ನೂ ಬರೆಸಿಕೊಂಡು ಬನ್ನಿ. ಆ ಚೀಟಿಯೇ ನೀವು ಯಾವ ಹುದ್ದೆಗೆ ಓದಬೇಕೆಂದು ಹೇಳುತ್ತದೆ. ಎರಡು ವರ್ಷ ಲೋಕೋ ಪೈಲಟ್‌ಗೆ ಓದಿ, ಪಟ್ಟಿಯಲ್ಲಿ ಹೆಸರೂ ಬಂದು, ಕೊನೆಗೆ ಬಣ್ಣದ ಪುಸ್ತಕದ ಮುಂದೆ ಸೋತು ಬಂದ ಹುಡುಗನ ಮುಖ ನೋಡಿದ ಮೇಲೆ ಈ ಹಂತ ದಾಟಿ ಮುಂದೆ ಹೋಗಲು ನಾನು ಯಾರಿಗೂ ಬಿಡುವುದಿಲ್ಲ.

3. ವಿದ್ಯೆಗೆ ತಕ್ಕ ಹುದ್ದೆ

ಹತ್ತನೇ ತರಗತಿ ಪಾಸಾದವರಿಗೆ ಲೆವೆಲ್-1: ಟ್ರ್ಯಾಕ್ ಮೇಂಟೇನರ್, ಪಾಯಿಂಟ್ಸ್‌ಮನ್, ವರ್ಕ್‌ಶಾಪ್ ಮತ್ತು ಶೆಡ್ಡುಗಳ ಸಹಾಯಕರು. ಮೂಲವೇತನ 18,000 ರೂಪಾಯಿ, ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಅಥವಾ ಕ್ವಾರ್ಟರ್ಸ್.

ಹತ್ತನೇ ತರಗತಿ ಜೊತೆಗೆ ಐಟಿಐ ಆದವರಿಗೆ ಅಸಿಸ್ಟೆಂಟ್ ಲೋಕೋ ಪೈಲಟ್ ಮತ್ತು ಟೆಕ್ನೀಷಿಯನ್ ಗ್ರೇಡ್-3, ಮೂಲವೇತನ 19,900. ಲೋಕೋ ಪೈಲಟ್‌ಗೆ ಎಲ್ಲ ಟ್ರೇಡೂ ನಡೆಯುವುದಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ವೈರ್‌ಮನ್, ಟರ್ನರ್, ಮೆಷಿನಿಸ್ಟ್ ಮುಂತಾದವು ಪಟ್ಟಿಯಲ್ಲಿವೆ. ಕಂಪ್ಯೂಟರ್ ಆಪರೇಟರ್ ಟ್ರೇಡ್ ಇಲ್ಲ. ಈಗಷ್ಟೇ ಐಟಿಐ ಸೇರುವವರು ರೈಲ್ವೆಯ ಆಸೆ ಇದ್ದರೆ ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಕೊಂಕಣ ಮಾರ್ಗ ಪೂರ್ತಿ ವಿದ್ಯುದೀಕರಣವಾಗಿದೆ, ಮೇಲಿನ ತಂತಿ ನೋಡಿಕೊಳ್ಳುವ ಕೆಲಸಕ್ಕೆ ಕೈ ಬೇಕೇ ಬೇಕು. ಸೇರುವ ಮೊದಲು ಆ ಸಂಸ್ಥೆಗೆ ಎನ್‌ಸಿವಿಟಿ (ಕೇಂದ್ರದ ವೃತ್ತಿ ತರಬೇತಿ ಮಂಡಳಿ) ಅಥವಾ ಎಸ್‌ಸಿವಿಟಿ (ರಾಜ್ಯದ್ದು) ಮಾನ್ಯತೆ ಇದೆಯೇ ಎಂದು ಕೇಳಿ. ಮಾನ್ಯತೆ ಇಲ್ಲದ ಸರ್ಟಿಫಿಕೇಟನ್ನು ರೈಲ್ವೆ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪಿಯುಸಿ ಆದವರಿಗೆ ಟಿಕೆಟ್ ಕ್ಲರ್ಕ್ (21,700) ಮತ್ತು ಗುಮಾಸ್ತರ ಹುದ್ದೆಗಳು. ಪದವೀಧರರಿಗೆ ಸ್ಟೇಷನ್ ಮಾಸ್ಟರ್ (35,400), ಗೂಡ್ಸ್ ಟ್ರೇನ್ ಮ್ಯಾನೇಜರ್ (29,200). ಈ ಎರಡು ಗುಂಪಿಗೂ ಸೇರಿ ಎನ್‌ಟಿಪಿಸಿ ಎನ್ನುತ್ತಾರೆ, ತಾಂತ್ರಿಕವಲ್ಲದ ಜನಪ್ರಿಯ ಹುದ್ದೆಗಳು ಎಂದರ್ಥ. ಡಿಪ್ಲೊಮಾದವರಿಗೆ ಜೂನಿಯರ್ ಎಂಜಿನಿಯರ್ (35,400). ಸಿವಿಲ್ ಡಿಪ್ಲೊಮಾ ಆದವರು ಲೋಕೋ ಪೈಲಟ್‌ಗೆ ಬರುವುದಿಲ್ಲ, ನಿಮ್ಮ ಹಾದಿ ಜೂನಿಯರ್ ಎಂಜಿನಿಯರ್.

ಬಹಳ ಜನ ಎಡವುವ ಕಲ್ಲೊಂದಿದೆ: ಅರ್ಜಿಯ ಕೊನೆಯ ದಿನದ ಹೊತ್ತಿಗೆ ನಿಮ್ಮ ಫಲಿತಾಂಶ ಬಂದಿರಲೇಬೇಕು. "ಕೊನೆಯ ಸೆಮಿಸ್ಟರ್ ಬರೆದಿದ್ದೇನೆ, ರಿಸಲ್ಟ್ ಬರಬೇಕು" ಎನ್ನುವವರ ಅರ್ಜಿ ನಿಲ್ಲುವುದಿಲ್ಲ.

4. ಕಾಗದಪತ್ರ

ಇಲ್ಲಿ ನಿಧಾನವಾಗಿ ಓದಿ. ನಮ್ಮ ಜಿಲ್ಲೆಯವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ.

ಹೆಸರು: ಹತ್ತನೇ ತರಗತಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಆಧಾರಿನಲ್ಲೂ ಹಾಗೇ ಇರಬೇಕು. ಹುಟ್ಟಿದ ತಾರೀಖೂ ಅಷ್ಟೆ. ನಮ್ಮಲ್ಲಿ ಒಂದೇ ಮನುಷ್ಯ ಒಂದು ಕಡೆ "ಗಣಪತಿ ತಿಮ್ಮಾ ಗೌಡ", ಮತ್ತೊಂದು ಕಡೆ "ಗಣಪತಿ ಟಿ. ಗೌಡ", ಮಗದೊಂದು ಕಡೆ ಬರೀ "ಗಣಪತಿ". ಅರ್ಜಿ ಬರುವ ಮೊದಲೇ ಆಧಾರ್ ತಿದ್ದಿಸಿಬಿಡಿ.

ಜಾತಿ: ಪ್ರವರ್ಗ-1, 2ಎ, 3ಬಿ ಎಂಬುದು ರಾಜ್ಯ ಸರ್ಕಾರದ ವಿಂಗಡಣೆ. ರೈಲ್ವೆ ಕೇಂದ್ರದ್ದು. ಅಲ್ಲಿ ಬೇಕಾದದ್ದು ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆಯೊಂದಿಗೆ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ "ಕೇಂದ್ರ ಸರ್ಕಾರದ ಕೆಲಸಕ್ಕೆ" ಎಂದು ಬಾಯಿಬಿಟ್ಟು ಹೇಳಿ. ರಾಜ್ಯದ ಪಟ್ಟಿಯಲ್ಲಿರುವ ಜಾತಿಯೆಲ್ಲ ಕೇಂದ್ರದ ಪಟ್ಟಿಯಲ್ಲೂ ಇರುತ್ತದೆ ಎಂದು ಎಣಿಸಬೇಡಿ. ನಿಮ್ಮ ಜಾತಿಯ ಹೆಸರು ಅಲ್ಲಿದೆಯೇ, ಯಾವ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಿ. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯ 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಯಲ್ಲಾಪುರ, ಹಳಿಯಾಳ, ಅಂಕೋಲಾದ ಸಿದ್ದಿ ಹುಡುಗ ಹುಡುಗಿಯರು ವಯಸ್ಸಿನಲ್ಲಿ 5 ವರ್ಷದ ಸಡಿಲಿಕೆಯನ್ನೂ ಪರೀಕ್ಷೆಗೆ ಹೋಗಿಬರಲು ಕೊಡುವ ಉಚಿತ ಸ್ಲೀಪರ್ ಪಾಸನ್ನೂ ಬಿಟ್ಟುಕೊಡಬೇಡಿ. ಒಬಿಸಿಗೆ ಸಡಿಲಿಕೆ 3 ವರ್ಷ. ಮೀಸಲಾತಿ ಇಲ್ಲದ ಬಡ ಕುಟುಂಬದವರು, ವರ್ಷದ ಆದಾಯ 8 ಲಕ್ಷದೊಳಗಿದ್ದು ಕೃಷಿ ಭೂಮಿ 5 ಎಕರೆಗಿಂತ ಕಡಿಮೆ ಇದ್ದರೆ, ಇಡಬ್ಲ್ಯುಎಸ್ ಪತ್ರ ಮಾಡಿಸಬಹುದು. ಅಡಿಕೆ ತೋಟ ಅವಿಭಕ್ತ ಹೆಸರಿನಲ್ಲಿದ್ದರೆ ಪಹಣಿ ಹಿಡಿದು ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅದಕ್ಕೆ ದಿನ ಹಿಡಿಯುತ್ತದೆ.

ಭೂಮಿ ಕಳೆದುಕೊಂಡವರು: ಕೊಂಕಣ ರೈಲ್ವೆಗಾಗಿ ಜಮೀನು ಹೋದ ಕುಟುಂಬದವರಿಗೆ ಆ ನಿಗಮದ ನೇಮಕಾತಿಯಲ್ಲಿ ಮೊದಲ ಆದ್ಯತೆ. ಉಳಿದಂತೆ 2024ರ ಕರೆಯಲ್ಲಿ ಮಹಾರಾಷ್ಟ್ರ, ಗೋವಾ, ಕರ್ನಾಟಕದ ನಿವಾಸಿಗಳಿಗೆ ಮಾತ್ರ ಅವಕಾಶವಿತ್ತು. ಅಜ್ಜನ ಹೆಸರಿನ ಭೂಸ್ವಾಧೀನದ ಅವಾರ್ಡ್ ಪತ್ರ, ಸರ್ವೆ ನಂಬರ್, ಪರಿಹಾರ ಪಡೆದ ದಾಖಲೆ, ನಿಮಗೂ ಅಜ್ಜನಿಗೂ ಇರುವ ಸಂಬಂಧ ತೋರಿಸುವ ವಂಶಾವಳಿ, ಇವನ್ನು ಒಂದು ಕಡತ ಮಾಡಿಡಿ. ಹಾರವಾಡದ ಕಡೆಯವರು ಒಂದು ಗಮನಿಸಿ: ಸೀಬರ್ಡ್ ನೌಕಾನೆಲೆಗೆ ಜಮೀನು ಹೋದದ್ದು ಬೇರೆ, ಕೊಂಕಣ ರೈಲ್ವೆಗೆ ಹೋದದ್ದು ಬೇರೆ. ಸೀಬರ್ಡ್ ನಿರಾಶ್ರಿತರ ಪತ್ರ ಇಲ್ಲಿ ನಡೆಯುವುದಿಲ್ಲ. ಕಾರವಾರದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಅವಧಿ ಮುಗಿದಿದ್ದರೆ ನವೀಕರಿಸಿ, ಖರ್ಚಿಲ್ಲದ ಕೆಲಸ.

5. ಅರ್ಜಿ

2024ರಿಂದ ಆರ್‌ಆರ್‌ಬಿಗಳು ವರ್ಷದ ಕ್ಯಾಲೆಂಡರ್ ಹಾಕಿಕೊಂಡಿವೆ: ಜನವರಿಯಿಂದ ಮಾರ್ಚ್ ಲೋಕೋ ಪೈಲಟ್, ಏಪ್ರಿಲ್‌ನಿಂದ ಜೂನ್ ಟೆಕ್ನೀಷಿಯನ್, ಜುಲೈಯಿಂದ ಸೆಪ್ಟೆಂಬರ್ ಎನ್‌ಟಿಪಿಸಿ ಮತ್ತು ಜೂನಿಯರ್ ಎಂಜಿನಿಯರ್, ಅಕ್ಟೋಬರಿನಿಂದ ಡಿಸೆಂಬರ್ ಲೆವೆಲ್-1. ತಿಂಗಳು ಹಿಂದೆಮುಂದೆ ಆಗುತ್ತದೆ, ಆದರೂ ತಯಾರಿಗೆ ಒಂದು ಅಂದಾಜು ಸಿಗುತ್ತದೆ.

ಒಂದು ಅಧಿಸೂಚನೆಗೆ ಒಂದೇ ಆರ್‌ಆರ್‌ಬಿಗೆ ಅರ್ಜಿ. ಬೆಂಗಳೂರು, ಚೆನ್ನೈ ಎರಡಕ್ಕೂ ಹಾಕಿದರೆ ಎರಡೂ ರದ್ದು. ಲೆವೆಲ್-1ಕ್ಕೆ ಶುಲ್ಕ 500 ರೂಪಾಯಿ, ಪರೀಕ್ಷೆಗೆ ಹಾಜರಾದರೆ 400 ವಾಪಸ್. ಮಹಿಳೆಯರು, ಎಸ್‌ಸಿ, ಎಸ್‌ಟಿ, ಅಲ್ಪಸಂಖ್ಯಾತರು, ಅಂಗವಿಕಲರು ಮುಂತಾದವರಿಗೆ 250, ಹಾಜರಾದರೆ ಪೂರ್ತಿ ವಾಪಸ್. ಹಣ ಮರಳುವುದು ನೀವು ಕೊಟ್ಟ ಬ್ಯಾಂಕ್ ಖಾತೆಗೆ. ಸೈಬರ್ ಅಂಗಡಿಯವರು ಅವಸರದಲ್ಲಿ ತಮ್ಮ ಮೊಬೈಲ್ ನಂಬರನ್ನೋ ತಮ್ಮ ಇಮೇಲನ್ನೋ ಹಾಕಿಬಿಡುತ್ತಾರೆ; ಹಾಕಲು ಬಿಡಬೇಡಿ. ಎರಡು ವರ್ಷದ ಮೇಲೆ ಬರುವ ಕರೆಯೂ ಅದೇ ನಂಬರಿಗೆ ಬರುತ್ತದೆ. ಪರೀಕ್ಷೆಯ ಭಾಷೆ ಎಂಬಲ್ಲಿ ಕನ್ನಡ ಆರಿಸಿದ್ದೀರಾ ಎಂದು ನೋಡಿ. ಜಾಲತಾಣದ ವಿಳಾಸ "ಗವ್ ಡಾಟ್ ಇನ್" ಎಂದು ಮುಗಿಯದಿದ್ದರೆ ಅದು ಆರ್‌ಆರ್‌ಬಿಯದ್ದಲ್ಲ. ಕೊಂಕಣ ರೈಲ್ವೆಗೆ ಅದರದ್ದೇ ಜಾಲತಾಣವಿದೆ, ಅಲ್ಲಿನ ನೇಮಕಾತಿ ಪುಟವನ್ನು ತಿಂಗಳಿಗೊಮ್ಮೆ ನೋಡುತ್ತಿರಿ. ನೇರ ಸಂದರ್ಶನದ ಗುತ್ತಿಗೆ ಹುದ್ದೆಗಳನ್ನೂ ಅಲ್ಲೇ ಹಾಕುತ್ತಾರೆ. ಅವು ಕಾಯಂ ಅಲ್ಲ ಎಂಬುದು ತಿಳಿದಿರಲಿ.

6. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್

ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ ಬೋಗಿ ದುರಸ್ತಿಯ ದೊಡ್ಡ ವರ್ಕ್‌ಶಾಪ್ ಇದೆ. ನೈಋತ್ಯ ರೈಲ್ವೆ ಅಲ್ಲಿಗೂ ತನ್ನ ವಿಭಾಗಗಳಿಗೂ ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ಜನ ಕರೆಯುತ್ತದೆ. ವಯಸ್ಸು 15ರಿಂದ 24, ಹತ್ತನೇ ತರಗತಿಯಲ್ಲಿ 50 ಪ್ರತಿಶತ, ಜೊತೆಗೆ ಐಟಿಐ. ಪರೀಕ್ಷೆ ಇಲ್ಲ, ಹತ್ತನೇ ತರಗತಿ ಮತ್ತು ಐಟಿಐ ಅಂಕಗಳ ಸರಾಸರಿ ನೋಡಿ ಆಯ್ಕೆ. ಇದು ನೌಕರಿ ಅಲ್ಲ, ಸಣ್ಣ ಭತ್ಯೆ ಕೊಡುವ ತರಬೇತಿ. ಆದರೆ ಲೆವೆಲ್-1 ಹುದ್ದೆಗಳಲ್ಲಿ 20 ಪ್ರತಿಶತ, ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು. ಶಿರಸಿ, ಮುಂಡಗೋಡದ ಐಟಿಐ ಹುಡುಗರು ಇದನ್ನು ಬಿಟ್ಟರೆ ದೊಡ್ಡ ನಷ್ಟ ಎಂದೇ ಹೇಳುತ್ತೇನೆ. ಅಂಕವೇ ಎಲ್ಲ ಆದ್ದರಿಂದ, ಈಗ ಹತ್ತನೇ ತರಗತಿಯಲ್ಲಿರುವ ತಮ್ಮಂದಿರಿಗೂ ಹೇಳಿಡಿ.

7. ಓದು

ಲೆವೆಲ್-1ರ ಪರೀಕ್ಷೆ ಕಂಪ್ಯೂಟರಿನಲ್ಲಿ: 90 ನಿಮಿಷ, 100 ಪ್ರಶ್ನೆ. ಗಣಿತ 25, ತಾರ್ಕಿಕ ಪ್ರಶ್ನೆ 30, ವಿಜ್ಞಾನ 25, ಸಾಮಾನ್ಯ ಜ್ಞಾನ 20. ಮೂರು ತಪ್ಪಿಗೆ ಒಂದು ಅಂಕ ಹೋಗುತ್ತದೆ, ಗೊತ್ತಿಲ್ಲದ್ದಕ್ಕೆ ಕಣ್ಣು ಮುಚ್ಚಿ ಒತ್ತಬೇಡಿ. ಮಟ್ಟ ಹತ್ತನೇ ತರಗತಿಯದ್ದು. ನಿಮ್ಮದೇ ಎಂಟು, ಒಂಬತ್ತು, ಹತ್ತರ ಗಣಿತ ಮತ್ತು ವಿಜ್ಞಾನದ ಪಠ್ಯಪುಸ್ತಕಗಳನ್ನು ಅಟ್ಟದಿಂದ ಇಳಿಸಿ. ಈ ಹುದ್ದೆಗಾಗಿ ಧಾರವಾಡದಲ್ಲಿ ರೂಮು ಮಾಡಿ ಕೋಚಿಂಗ್ ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ. ಜೂನಿಯರ್ ಎಂಜಿನಿಯರ್ ಅಥವಾ ಸ್ಟೇಷನ್ ಮಾಸ್ಟರ್ ಗುರಿಯಿದ್ದರೆ ಯೋಚಿಸಿ.

ತಾರ್ಕಿಕ ಪ್ರಶ್ನೆಗಳನ್ನು ಶಾಲೆಯಲ್ಲಿ ಯಾರೂ ಕಲಿಸಿಲ್ಲ, ಅಂಕ ಹೆಚ್ಚಿರುವುದೂ ಅಲ್ಲೇ. ಅದರಿಂದಲೇ ಶುರುಮಾಡಿ. ಕನ್ನಡದಲ್ಲಿ ಬರೆಯುವವರು ವೇಗೋತ್ಕರ್ಷ ಎಂದರೆ ಆಕ್ಸಲರೇಷನ್, ಲ.ಸಾ.ಅ. ಎಂದರೆ ಎಲ್‌ಸಿಎಂ ಎಂದು ಎರಡೂ ಹೆಸರು ಕಲಿತಿಡಿ. ಅನುವಾದ ತೊಡಕಾದಾಗ ಇಂಗ್ಲಿಷ್ ಪ್ರಶ್ನೆಯೇ ಕೈ ಹಿಡಿಯುತ್ತದೆ, ಗೊಂದಲವಾದರೆ ಮಂಡಳಿ ಒಪ್ಪುವುದೂ ಅದನ್ನೇ. ಮೊಬೈಲಿನಲ್ಲಿ ಅಭ್ಯಾಸ ಮಾಡಿದ್ದು ಸಾಲದು. ತಿಂಗಳಿಗೆ ಎರಡು ಸಲವಾದರೂ ಕಂಪ್ಯೂಟರಿನ ಮುಂದೆ ಕುಳಿತು ಮೌಸ್ ಹಿಡಿದು ಪೂರ್ತಿ ಅಣಕು ಪರೀಕ್ಷೆ ಬರೆಯಿರಿ.

ಕೇಂದ್ರ ಹುಬ್ಬಳ್ಳಿಯೋ ಬೆಳಗಾವಿಯೋ ಬಂದರೆ ಹಿಂದಿನ ದಿನವೇ ಹೊರಡಿ. ಮಳೆಗಾಲದಲ್ಲಿ ದೇವಿಮನೆ ಘಟ್ಟ, ಅರಬೈಲ್ ಘಟ್ಟವನ್ನು ನಂಬಬೇಡಿ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ನಿಂತದ್ದು ನಾವೆಲ್ಲ ಕಂಡಿದ್ದೇವೆ. ಮನೆಯಲ್ಲಿ ಮದುವೆ ಇದ್ದರೂ ಕೈಗೆ ಮೆಹಂದಿ ಬೇಡ, ಯಂತ್ರ ಬೆರಳಚ್ಚು ಹಿಡಿಯುವುದಿಲ್ಲ.

8. ಮೈ ಹದ ಮಾಡುವುದು

ಲೆವೆಲ್-1ಕ್ಕೆ ದೈಹಿಕ ಪರೀಕ್ಷೆ ಇದೆ. ಗಂಡಸರು 35 ಕಿಲೋ ಹೊತ್ತು 100 ಮೀಟರ್ ದೂರವನ್ನು 2 ನಿಮಿಷದಲ್ಲಿ, ನಡುವೆ ಇಳಿಸದೆ ನಡೆಯಬೇಕು. 1,000 ಮೀಟರ್ ಓಟ 4 ನಿಮಿಷ 15 ಸೆಕೆಂಡಿನಲ್ಲಿ. ಹೆಂಗಸರಿಗೆ 20 ಕಿಲೋ, ಅಷ್ಟೇ ದೂರ, ಅಷ್ಟೇ ಸಮಯ. ಓಟಕ್ಕೆ 5 ನಿಮಿಷ 40 ಸೆಕೆಂಡ್. ಒಂದೇ ಅವಕಾಶ. ಇದಕ್ಕೆ ಅಂಕವಿಲ್ಲ, ಪಾಸಾದರೆ ಸಾಕು.

ಹೊರೆಗಿಂತ ಓಟದಲ್ಲೇ ಹೆಚ್ಚು ಜನ ಬೀಳುತ್ತಾರೆ. ಗಂಡಸರಿಗೆ ಪ್ರತಿ 100 ಮೀಟರಿಗೆ 25 ಸೆಕೆಂಡ್, ಹೆಂಗಸರಿಗೆ 34. ಮೊದಲ 200 ಮೀಟರ್ ಹುಚ್ಚೆದ್ದು ಓಡಿದರೆ 700ರ ಹೊತ್ತಿಗೆ ಉಸಿರು ನಿಲ್ಲುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತು ನೀರು ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಓಡಲು ಅದೇ ಚೆನ್ನ. ಮೇಲಿನ ಸಡಿಲ ಮರಳಿನಲ್ಲಿ ಸಮಯ ಅಳೆಯಬೇಡಿ. ಕೊನೆಯ ಒಂದು ತಿಂಗಳು ಮಣ್ಣಿನ ಮೈದಾನದಲ್ಲಿ ಓಡಿ.

ಹೊರೆಗೆ ಅಕ್ಕಿ ಚೀಲ ತೆಗೆದುಕೊಂಡು ಮರಳು ತುಂಬಿ. 25 ಕಿಲೋ ಅಕ್ಕಿಯ ಚೀಲಕ್ಕೆ ಬಾಯಿತನಕ ಮರಳು ತುಂಬಿದರೆ 50ರ ಹತ್ತಿರ ತೂಗುತ್ತದೆ, ಸೊಂಟ ಹಿಡಿದೀತು. ಒಣ ಮರಳು ಮುಕ್ಕಾಲಿಗಿಂತ ತುಸು ಕಡಿಮೆ ತುಂಬಿ, ಸೊಸೈಟಿಯ ತಕ್ಕಡಿಯಲ್ಲಿ ತೂಗಿ 35ಕ್ಕೆ ತನ್ನಿ, ಬಾಯಿ ಬಿಗಿದು ಕಟ್ಟಿ. ಎತ್ತುವಾಗ ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಿ. ಮೊದಲ ದಿನವೇ 35 ಹೊರಬೇಡಿ, 15 ಕಿಲೋ ಮರಳಿನಿಂದ ಶುರುಮಾಡಿ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ.

ರೈಲ್ವೆ ರಕ್ಷಣಾ ಪಡೆಗೆ (ಆರ್‌ಪಿಎಫ್) ಲೆಕ್ಕ ಬೇರೆ. ಅಲ್ಲಿ ಕಾನ್‌ಸ್ಟೇಬಲ್‌ಗೆ ಗಂಡಸರು 1,600 ಮೀಟರನ್ನು 5 ನಿಮಿಷ 45 ಸೆಕೆಂಡಿನಲ್ಲಿ, ಹೆಂಗಸರು 800 ಮೀಟರನ್ನು 3 ನಿಮಿಷ 40 ಸೆಕೆಂಡಿನಲ್ಲಿ ಓಡಬೇಕು. ಎತ್ತರದ ನಿಯಮವೂ ಇದೆ.

9. ಕೆಲಸ ಎಂಥದ್ದು ಎಂದು ಒಮ್ಮೆ ನೋಡಿ ಬನ್ನಿ

ಅರ್ಜಿ ಹಾಕುವ ಮೊದಲು ಜುಲೈಯ ಒಂದು ಮಳೆಯ ದಿನ ಹಳಿ ನೋಡಿಕೊಳ್ಳುವವರನ್ನು ಮಾತಾಡಿಸಿ. ಕೊಂಕಣ ಮಾರ್ಗದ ಮಳೆಗಾಲ ಎಂದರೆ ರಾತ್ರಿಯಿಡೀ ಗಸ್ತು. ರೇನ್‌ಕೋಟು, ಮೂರು ಬಣ್ಣದ ಟಾರ್ಚು, ಸೀಟಿ, ಡೆಟೋನೇಟರುಗಳು. ಡೆಟೋನೇಟರ್ ಎಂದರೆ ಹಳಿಗೆ ಕಟ್ಟುವ ಪಟಾಕಿಯಂಥ ಡಬ್ಬಿ, ಚಕ್ರ ಹತ್ತಿದೊಡನೆ ಸಿಡಿದು ಚಾಲಕನನ್ನು ಎಚ್ಚರಿಸುತ್ತದೆ. ಗುಡ್ಡ ಕಡಿದ ಜಾಗದಲ್ಲಿ ಮಣ್ಣು ಜಾರಿ ಹಳಿಗೆ ಬಿದ್ದದ್ದು ಕಂಡರೆ ಆ ಗಸ್ತಿನವನು ಕೆಂಪು ದೀಪ ತೋರಿಸುತ್ತಾ ಓಡಿ, 600 ಮೀಟರಿನಲ್ಲಿ ಒಂದು, 1,200 ಮೀಟರಿನಲ್ಲಿ ಹತ್ತತ್ತು ಮೀಟರ್ ಬಿಟ್ಟು ಮೂರು ಕಟ್ಟಬೇಕು. ಓಟದ ಪರೀಕ್ಷೆ ಯಾಕೆ ಇಟ್ಟಿದ್ದಾರೆ ಎಂಬುದಕ್ಕೆ ಉತ್ತರ ಇಲ್ಲಿದೆ. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ, ಕಾರವಾರ, ಭಟ್ಕಳದಲ್ಲಿ ಮಳೆ ಅಳೆಯುವ ಯಂತ್ರ ಇವೆ. ಆದರೂ ಹಳಿಯ ಮೇಲೆ ನಡೆದು ನೋಡುವ ಮನುಷ್ಯ ಬೇಕೇ ಬೇಕು. ಗೌರವದ ಕೆಲಸ, ಕಷ್ಟದ ಕೆಲಸ. ಮನೆಯವರಿಗೂ ಇದನ್ನು ಹೇಳಿಯೇ ಅರ್ಜಿ ಹಾಕಿ.

ಅಲ್ಲೇ ನಿಲ್ಲಬೇಕೆಂದೂ ಇಲ್ಲ. ಪಾಯಿಂಟ್ಸ್‌ಮನ್ ಆಗಿ ಒಳಗೆ ಸೇರಿದವರು ಇಲಾಖೆಯ ಪರೀಕ್ಷೆ ಬರೆದು ಗಾರ್ಡು, ಸ್ಟೇಷನ್ ಮಾಸ್ಟರ್ ಆಗಿದ್ದಾರೆ.

10. ದಾಖಲೆ ಪರಿಶೀಲನೆ, ವೈದ್ಯಕೀಯ, ಆದೇಶ

ಕರೆ ಬಂದಾಗ ಎಲ್ಲ ಮೂಲ ಪ್ರತಿಗಳು, ಜೆರಾಕ್ಸಿನ ಎರಡು ಸೆಟ್, ಅರ್ಜಿಗೆ ಹಾಕಿದ್ದ ಅದೇ ಫೋಟೊದ ಪ್ರತಿಗಳು ಒಯ್ಯಿರಿ. ಅರ್ಜಿಯ ಹೊತ್ತಿಗೆ ಮೀಸೆ ಗಡ್ಡ ಹೇಗಿತ್ತೋ ಹಾಗೇ ಇದ್ದರೆ ಕಿರಿಕಿರಿ ಕಡಿಮೆ. ವೈದ್ಯಕೀಯ ಪರೀಕ್ಷೆಗೆ ರೈಲ್ವೆ ಆಸ್ಪತ್ರೆಯಲ್ಲಿ ಕಟ್ಟಬೇಕಾದ ಶುಲ್ಕ 24 ರೂಪಾಯಿ, ಅಷ್ಟೆ.

ದಲ್ಲಾಳಿಗಳು ಬರುವುದು ಈ ಹೊತ್ತಿಗೇ. "ಮೆಡಿಕಲ್‌ನಲ್ಲಿ ನಿಮ್ಮ ಹೆಸರು ನಿಂತಿದೆ, ಇಷ್ಟು ಲಕ್ಷ ಕೊಟ್ಟರೆ ಬಿಡಿಸ್ತೇವೆ" ಎಂದು ಫೋನ್ ಬರುತ್ತದೆ, ಮೊಹರು ಒತ್ತಿದ ನಕಲಿ ನೇಮಕಾತಿ ಆದೇಶವನ್ನೂ ತೋರಿಸುತ್ತಾರೆ. ಅಡವಿಟ್ಟ ಬಂಗಾರ, ಮಾರಿದ ಗದ್ದೆ ಹೀಗೆ ಹೋದದ್ದುಂಟು. ಒಂದು ರೂಪಾಯಿಯನ್ನೂ ಕೊಡಬೇಡಿ. ಫೋನ್ ನಂಬರ್ ಬರೆದಿಟ್ಟುಕೊಂಡು ಪೊಲೀಸ್ ಠಾಣೆಗೆ ಕೊಡಿ. ನಿಜವಾದ ಪಟ್ಟಿ ಮಂಡಳಿಯ ಜಾಲತಾಣದಲ್ಲಿ ನಿಮ್ಮ ರೋಲ್ ನಂಬರಿನೊಂದಿಗೇ ಇರುತ್ತದೆ. ಅದು ಬಂದ ಮೇಲೂ ವಿಭಾಗದಿಂದ ಆದೇಶ ಕೈ ಸೇರಲು ತಿಂಗಳುಗಳು ಹಿಡಿಯಬಹುದು. ಅಲ್ಲಿಯವರೆಗೆ ಈಗ ಮಾಡುತ್ತಿರುವ ಕೆಲಸ ಬಿಡಬೇಡಿ, ಮೊಬೈಲ್ ನಂಬರನ್ನೂ ಬದಲಿಸಬೇಡಿ.